ಮೂಗು ಹಿಗ್ಗಿಸಿದರೆ ಹೋಲಿಕೆ ಏಕೆ ತಪ್ಪುತ್ತದೆ?

ಪ್ರಶ್ನೆ: ಪೆನ್ಸಿಲ್‌ನಲ್ಲಿ ಭಾವಚಿತ್ರ ಬರೆದರೆ ಚೆನ್ನಾಗಿಯೇ ಹೋಲುತ್ತದೆ. ಅದೇ ವ್ಯಕ್ತಿಯ ಕ್ಯಾರಿಕೇಚರ್ (ಮುಖಲಕ್ಷಣ ಹಿಗ್ಗಿಸಿ ಬರೆಯುವ ನಗೆಚಿತ್ರ) ಮಾಡೋಣವೆಂದು ಮೂಗು, ಕಿವಿ ದೊಡ್ಡದು ಮಾಡಿದರೆ ಬೇರೆ ಯಾರದೋ ಮುಖವಾಗಿಬಿಡುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?
– ಓದುಗರು, ಶಿವಮೊಗ್ಗ

ಉತ್ತರ: ಮೂಗನ್ನು ಇದ್ದ ಜಾಗದಲ್ಲೇ ಊದಿಸಿ, ಉಳಿದ ಮುಖವನ್ನು ಮೊದಲಿನಂತೆಯೇ ಬಿಟ್ಟಿರುತ್ತೀರಿ. ತೊಂದರೆ ಅಲ್ಲೇ. ಒಬ್ಬರ ಗುರುತು ಹತ್ತುವುದು ತಲೆಯ ಒಟ್ಟು ಆಕಾರದಿಂದ, ಕಣ್ಣು ಮೂಗು ಬಾಯಿಗಳ ನಡುವಿನ ಅಂತರದಿಂದ.

ಸಾಮಾನ್ಯ ಅಳತೆ ಮೊದಲು ಕೈಗೆ ಕೂರಲಿ. ಕಣ್ಣಿನ ಗೆರೆ ನೆತ್ತಿಗೂ ಗದ್ದಕ್ಕೂ ನಟ್ಟನಡುವೆ ಬರುತ್ತದೆ. ಎರಡು ಕಣ್ಣುಗಳ ಮಧ್ಯೆ ಇನ್ನೊಂದು ಕಣ್ಣಿನಷ್ಟು ಜಾಗವಿರುತ್ತದೆ. ಕೂದಲಂಚಿನಿಂದ ಹುಬ್ಬು, ಹುಬ್ಬಿನಿಂದ ಮೂಗಿನ ಬುಡ, ಅಲ್ಲಿಂದ ಗದ್ದದ ತುದಿ, ಈ ಮೂರೂ ಹೆಚ್ಚುಕಡಿಮೆ ಸಮ. ನಿಮ್ಮೆದುರಿನ ಮುಖ ಇದರಿಂದ ಎಲ್ಲಿ ಸರಿದಿದೆ ಎಂದು ಹುಡುಕಿ, ಎರಡು ಮೂರು ವ್ಯತ್ಯಾಸ ಮಾತ್ರ ಆರಿಸಿಕೊಳ್ಳಿ. ಎಲ್ಲವನ್ನೂ ಹಿಗ್ಗಿಸಿದರೆ ಯಾವುದೂ ಹಿಗ್ಗಿದಂತೆ ಕಾಣುವುದಿಲ್ಲ.

ಒಂದು ಕಡೆ ಕೂಡಿಸಿದ್ದನ್ನು ಇನ್ನೊಂದು ಕಡೆ ಕಳೆಯಲೇಬೇಕು. ಹಣೆ ಬೆಳೆದರೆ ದವಡೆ ಕುಗ್ಗಲಿ. ಮೂಗು ಉದ್ದವಾದರೆ ಕಣ್ಣುಗಳು ಹತ್ತಿರ ಬರಲಿ, ಕಣ್ಣುಗಳು ದೂರ ಸರಿದರೆ ಮೂಗು ಗಿಡ್ಡವಾಗಲಿ. ಈ ಲೆಕ್ಕ ತಪ್ಪಿದಾಗಲೇ ಮೂಗು ಅಂಟಿಸಿದಂತೆ ಕಾಣುವುದು.

ನೇರವಾಗಿ ದೊಡ್ಡ ಚಿತ್ರಕ್ಕೆ ಕೈ ಹಾಕಬೇಡಿ. ಎ4 ಹಾಳೆಯನ್ನು ಎಂಟು ಮನೆ ಮಾಡಿ, ಪ್ರತಿಯೊಂದರಲ್ಲೂ ತಲೆಯ ಹೊರಗೆರೆ, ಕಣ್ಣಿನ ಸಾಲು, ಮೂಗು ಇಷ್ಟನ್ನೇ ಬೇರೆ ಬೇರೆ ಬಗೆಯಲ್ಲಿ ಬರೆಯಿರಿ. ರೆಪ್ಪೆ, ಸುಕ್ಕು, ನೆರಳು ಈಗ ಬೇಡ. ಹೊರ ಆಕಾರದ ಶಕ್ತಿ ಎಂಥದ್ದೆಂದು ತಿಳಿಯಲು ಪ್ಯಾರಿಸ್‌ನ ವ್ಯಂಗ್ಯಚಿತ್ರಕಾರ ಷಾರ್ಲ್ ಫಿಲಿಪೋನ್ 1831ರಲ್ಲಿ ಬರೆದ ರೇಖೆಗಳನ್ನು ನೋಡಿ: ಫ್ರಾನ್ಸಿನ ದೊರೆ ಲೂಯಿ ಫಿಲಿಪ್ ಮುಖ ನಾಲ್ಕೇ ಹಂತದಲ್ಲಿ ಪೇರ್ ಹಣ್ಣಾಗುತ್ತದೆ. ಮೇಲೆ ಕಿರಿದಾದ ತಲೆ, ಕೆಳಗೆ ಜೋತ ಕೆನ್ನೆ; ಕೊನೆಯ ಹಣ್ಣಿನಲ್ಲೂ ದೊರೆಯೇ ಕಾಣುತ್ತಾನೆ.

ಸೆಲ್ಫಿ ನೋಡಿ ಬರೆಯುವವರು ಇನ್ನೊಂದು ಕಡೆ ಎಡವುತ್ತಾರೆ. ಕೈಯಳತೆಯ ದೂರದಲ್ಲಿ ತೆಗೆದ ಫೋಟೊದಲ್ಲಿ ಮೂಗು ಉಬ್ಬಿ, ಕಿವಿ ಹಿಂದೆ ಸರಿದಿರುತ್ತದೆ. ಅದು ಲೆನ್ಸಿಗೆ ಹತ್ತಿರ ಕೂತ ದೋಷ, ಮುಖದ ಲಕ್ಷಣವಲ್ಲ. ಒಂದೂವರೆ ಎರಡು ಮೀಟರ್ ದೂರ ನಿಂತು ಜೂಮ್ ಮಾಡಿ, ನೇರ ನೋಟ, ಓರೆ ನೋಟ, ನಗುವಾಗಿನದು ಮೂರನ್ನೂ ತೆಗೆದುಕೊಳ್ಳಿ.

ಪೆನ್ಸಿಲ್ ಎಚ್‌ಬಿ ಸಾಕು. ಮೇಲೆ ಬ್ರಷ್ ಪೆನ್ನಿನಲ್ಲಿ ಹೊರಗೆರೆ ದಪ್ಪ, ಒಳಗೆರೆ ತೆಳು. ಶಾಯಿ ಪೂರ್ತಿ ಒಣಗದೆ ರಬ್ಬರ್ ಆಡಿಸಿದರೆ ಗೆರೆ ಮಸಿಯಾಗುತ್ತದೆ. ಮೂಗಿನ ಪಕ್ಕದಿಂದ ಬಾಯಿಯವರೆಗಿನ ಗೆರೆಯನ್ನು ಪೂರ್ತಿ ಎಳೆದರೆ ಇಪ್ಪತ್ತರ ಹುಡುಗಿಗೆ ಐವತ್ತಾಗಿಬಿಡುತ್ತದೆ. ತುದಿಯಲ್ಲಿ ಚೂರು ತೋರಿಸಿ ಬಿಡಿ.

ಕೊನೆಗೆ ಕನ್ನಡಕ, ಟೋಪಿ ಮುಚ್ಚಿ ನೋಡಿ. ಗಾಂಧೀಜಿಯ ದುಂಡು ಕನ್ನಡಕ ತೆಗೆದರೂ ಚಾಚಿದ ಕಿವಿ, ಬೋಳು ತಲೆ ಅವರನ್ನು ಹೇಳುತ್ತವೆ. ನಿಮ್ಮ ಚಿತ್ರ ಕನ್ನಡಕದ ಬಲದಲ್ಲೇ ನಿಂತಿದ್ದರೆ ಮತ್ತೆ ಎಂಟು ಮನೆಗೆ ಹೋಗಿ.

ಪ್ರಶ್ನೆ: ಆರತಕ್ಷತೆಯಲ್ಲಿ ಅತಿಥಿಗಳ ಕ್ಯಾರಿಕೇಚರ್ ಬರೆಯುತ್ತೇನೆ, ತಲಾ ಐದಾರು ನಿಮಿಷ. ಕೆಲವರು ಬೇಸರಪಟ್ಟುಕೊಳ್ಳುತ್ತಾರೆ. ಎಷ್ಟು ಹಿಗ್ಗಿಸಬಹುದು?
– ಓದುಗರು, ಹುಬ್ಬಳ್ಳಿ

ಉತ್ತರ: ನಗು, ಕೂದಲು, ಹುಬ್ಬು, ಕೂರುವ ಭಂಗಿಯನ್ನು ಧಾರಾಳವಾಗಿ ಹಿಗ್ಗಿಸಿ. ಗಾಯದ ಕಲೆ, ಮೆಳ್ಳೆಗಣ್ಣು, ಮೈಬಣ್ಣ, ದಪ್ಪದ ತಂಟೆಗೆ ಹೋಗಲೇಬೇಡಿ. ಜೀವನವಿಡೀ ಕೇಳಿಸಿಕೊಂಡ ಮಾತನ್ನೇ ನೀವು ಹಾಳೆಯ ಮೇಲೆ ಹೇಳಿದಂತಾಗುತ್ತದೆ. ಹಾಳೆಯ ಮೂರರಲ್ಲಿ ಎರಡು ಭಾಗ ತಲೆಗೆ ಕೊಟ್ಟರೆ ಮೈ ಒಂದು ನಿಮಿಷದಲ್ಲಿ ಮುಗಿಯುತ್ತದೆ. ಜೋಡಿಯಾಗಿ ಕೂತರೆ ಎತ್ತರದವರ ತಲೆ ಮೊದಲು ಬರೆಯಿರಿ, ಇಲ್ಲದಿದ್ದರೆ ಮೇಲೆ ಜಾಗ ಸಾಲುವುದಿಲ್ಲ.