ಉಳಿದ ಪ್ಲಾಸ್ಟಿಕ್ ಪೈಪಿನಲ್ಲಿ ಕಂಪ್ರೆಸರ್ ಗಾಳಿ ಹರಿಸಬಹುದೇ?

ಪ್ರಶ್ನೆ: ನಲ್ಲಿ ಕೆಲಸ ಮುಗಿದ ಮೇಲೆ ಪಿವಿಸಿ ಪೈಪು ಉಳಿದಿದೆ, ಅದರ ಮೇಲೆ 10 ಬಾರ್ ಎಂದು ಅಚ್ಚಾಗಿದೆ. 12 ಮಿ.ಮೀ. ನೈಲಾನ್ ಟ್ಯೂಬಿನ ಒಂದು ಸುರುಳಿಯೂ ಇದೆ. ವರ್ಕ್‌ಶಾಪಿನ 8 ಬಾರ್ ಕಂಪ್ರೆಸರಿಗೆ ಇವುಗಳಿಂದ ಲೈನ್ ಎಳೆಯಬಹುದೇ?

ಉತ್ತರ: ಪಿವಿಸಿ ಖಂಡಿತ ಬೇಡ, ಬಿಸಿನೀರಿನ ಲೈನಿಗೆ ಬಳಸುವ ಸಿಪಿವಿಸಿಯೂ ಬೇಡ. ಆ 10 ಬಾರ್ ಒತ್ತಡ ತಣ್ಣೀರಿನ ಲೆಕ್ಕ. ನೀರು ಒತ್ತಿದರೆ ಕುಗ್ಗದು, ಹಾಗಾಗಿ ಪೈಪು ಸೀಳಿದೊಡನೆ ಒತ್ತಡ ಇಳಿದುಬಿಡುತ್ತದೆ. ಗಾಳಿ ಕುಗ್ಗಿ ಕೂತಿರುತ್ತದೆ; ಬಿರುಕು ಬಿಟ್ಟರೆ ಒಮ್ಮೆಲೇ ಹಿಗ್ಗಿ ಪೈಪನ್ನು ಚೂಪು ಚೂರುಗಳಾಗಿ ಸಿಡಿಸುತ್ತದೆ. ಕಂಪ್ರೆಸರಿನಿಂದ ಬರುವ ಬಿಸಿ ಗಾಳಿ ಪಿವಿಸಿಯ ಬಲ ಕುಂದಿಸುತ್ತದೆ. 60 ಡಿಗ್ರಿಯಲ್ಲಿ ಅದು ತಾಳುವ ಒತ್ತಡ ಕಾಲು ಭಾಗಕ್ಕಿಂತಲೂ ಕಡಿಮೆ. ಕೆಲವು ಸಿಂಥೆಟಿಕ್ ಕಂಪ್ರೆಸರ್ ಎಣ್ಣೆಗಳಿಂದ ಬಿರುಕೂ ಬೀಳುತ್ತದೆ. ವರ್ಷಗಟ್ಟಲೆ ಸುಮ್ಮನಿದ್ದ ಲೈನು ಸ್ಪ್ಯಾನರ್ ತಗುಲಿದ ಒಂದು ಪೆಟ್ಟಿಗೆ ಸಿಡಿಯಬಹುದು. ಆದ್ದರಿಂದ 'ಇದುವರೆಗೆ ಏನೂ ಆಗಿಲ್ಲ' ಎಂಬ ಮಾತನ್ನು ನಂಬಬೇಡಿ.

ನೈಲಾನ್ ಟ್ಯೂಬು ಗಾಳಿಗೆಂದೇ ತಯಾರಾದದ್ದಾದರೆ ಬಳಸಿ. ಅದರ ಮೇಲಿನ ಬರಹದಲ್ಲಿ ಒತ್ತಡದ ಜೊತೆ ಉಷ್ಣತೆಯನ್ನೂ ನೋಡಿ. ಬಿಸಿ ಏರಿದಂತೆ ಅದು ತಾಳುವ ಒತ್ತಡ ಇಳಿಯುತ್ತದೆ. ಬರಹವೇ ಇಲ್ಲದ ಟ್ಯೂಬನ್ನು ಬಿಟ್ಟುಬಿಡಿ. ಕಂಪ್ರೆಸರಿಗೆ ನೇರ ಜೋಡಿಸದೆ, ಮೊದಲು ಬಾಲ್ ವಾಲ್ವ್, ನಡುಕ ತಾಳುವ ಹೋಸ್, ಆಮೇಲೆ ಗಾಳಿ ತಣಿಯಲು ಕೆಲವು ಮೀಟರ್ ಲೋಹದ ಪೈಪು ಹಾಕಿ. ವೆಲ್ಡಿಂಗ್ ಕಿಡಿ ಬೀಳುವ ಕಡೆಯೂ ಲೋಹವೇ ಇರಲಿ.

ಸೋರಿಕೆಗೆ ಬಹುಪಾಲು ಕಾರಣ ಕತ್ತರಿಸುವ ರೀತಿ. ಗರಗಸ ಬೇಡ, ಟ್ಯೂಬ್ ಕಟರಿನಿಂದ ನೇರವಾಗಿ ಕತ್ತರಿಸಿ. ತುದಿಯ ಹೊರಮೈಯಲ್ಲಿ ಗೀರು ಇದ್ದರೆ ಪುಶ್ ಫಿಟ್ಟಿಂಗಿನ (ಟ್ಯೂಬನ್ನು ಒತ್ತಿ ಕೂರಿಸುವ ಜೋಡಣೆ) ಓ-ರಿಂಗ್, ಅಂದರೆ ಒಳಗಿನ ರಬ್ಬರ್ ಬಳೆ, ಗಾಳಿ ಹಿಡಿಯದು. ಒಳಗೆ ಹೋಗಬೇಕಾದಷ್ಟು ಉದ್ದಕ್ಕೆ ಪೆನ್ನಿನಲ್ಲಿ ಗುರುತು ಹಾಕಿ, ಗುರುತು ಮರೆಯಾಗುವವರೆಗೆ ಒತ್ತಿ, ಎಳೆದು ನೋಡಿ. ಅರ್ಧ ಇಂಚಿನ ಟ್ಯೂಬಿನ ಹೊರ ವ್ಯಾಸ 12.7 ಮಿ.ಮೀ.; ಅದು 12ರ ಫಿಟ್ಟಿಂಗಿಗೆ ಹೋಗುವುದಿಲ್ಲ. ಕ್ಯಾಲಿಪರಿನಲ್ಲಿ ಅಳೆದೇ ಕೊಳ್ಳಿ.

ಇಂಥ ಟ್ಯೂಬಿನ ಒಳ ವ್ಯಾಸ ಸಾಮಾನ್ಯವಾಗಿ 9 ಮಿ.ಮೀ. ಬ್ಲೋ ಗನ್ನಿಗೆ, ಟೈರಿಗೆ ಗಾಳಿ ತುಂಬಲು ಸಾಕು. ಸ್ಯಾಂಡರಿನಂಥ ಹೆಚ್ಚು ಗಾಳಿ ಎಳೆಯುವ ಸಾಧನಕ್ಕೆ ದೂರದ ತುದಿಯಲ್ಲಿ ಒತ್ತಡ ಕುಸಿಯುತ್ತದೆ.

ಪ್ರಶ್ನೆ: ಲೈನಿನಲ್ಲಿ ನೀರು ಬರುತ್ತಿದೆ. ಏನು ಮಾಡಲಿ?

ಉತ್ತರ: ಮುಖ್ಯ ಲೈನಿಗೆ ಗಾಳಿ ಹರಿಯುವ ದಿಕ್ಕಿನಲ್ಲಿ 100ಕ್ಕೆ 1ರಷ್ಟು ಇಳಿಜಾರು ಕೊಡಿ, ತಗ್ಗಿನ ತುದಿಗೆ ಡ್ರೈನ್ ವಾಲ್ವ್ ಹಾಕಿ. ಪ್ರತಿ ಕವಲನ್ನೂ ಲೈನಿನ ಮೇಲ್ಭಾಗದಿಂದ ತೆಗೆದು, ಬಾಗಿಸಿ ಕೆಳಗಿಳಿಸಿ. ಟ್ಯೂಬು ಜೋತುಬಿದ್ದ ಕಡೆಯೆಲ್ಲ ನೀರು ನಿಲ್ಲುತ್ತದೆ, ಹತ್ತಿರ ಹತ್ತಿರ ಕ್ಲಿಪ್ ಹೊಡೆಯಿರಿ. ಟ್ಯಾಂಕಿನ ನೀರನ್ನು ದಿನವೂ ಬಿಡಿ.