ಬೋರ್ಡ್ ಎಸೆಯುವ ಮುನ್ನ ನೇರಳೆ ತಂತಿಯನ್ನು ಅಳೆಯಿರಿ

ವಿಜಯಪುರದ ನಿಮ್ಮ ಮನೆಯ ಹಳೆಯ ಕಂಪ್ಯೂಟರಿನ ಗುಂಡಿ ಒತ್ತಿದರೆ ಫ್ಯಾನ್ ಒಮ್ಮೆ ಅಲುಗಿ ನಿಲ್ಲುತ್ತದೆ, ದೋಷ ಪವರ್ ಸಪ್ಲೈಯದೋ ಮದರ್‌ಬೋರ್ಡಿನದೋ ಎಂದು ಕೇಳಿದ್ದೀರಿ. ಮೊದಲು ಪವರ್ ಸಪ್ಲೈಯಿಂದ ಮದರ್‌ಬೋರ್ಡಿಗೆ ಹೋಗುವ ನೇರಳೆ ತಂತಿಯನ್ನು, ಅಂದರೆ ಸ್ಟ್ಯಾಂಡ್‌ಬೈ ವಿದ್ಯುತ್ತಿನ ತಂತಿಯನ್ನು, ಮಲ್ಟಿಮೀಟರಿನಿಂದ ಅಳೆಯಿರಿ, ಅಲ್ಲಿ 4.75ರಿಂದ 5.25 ವೋಲ್ಟ್ ಇರಬೇಕು. ಗೋಡೆಯ ಸ್ವಿಚ್ ಹಾಕಿರುವಷ್ಟು ಹೊತ್ತೂ, ಕಂಪ್ಯೂಟರ್ ಆರಿದ್ದಾಗಲೂ, ಈ ಸ್ಟ್ಯಾಂಡ್‌ಬೈ ಭಾಗ ದುಡಿಯುತ್ತಲೇ ಇರುವುದರಿಂದ ಅದರ ಪುಟ್ಟ ಕೆಪಾಸಿಟರ್‌ಗಳು (ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವ ಬಿಡಿಭಾಗಗಳು) ಬೇಗ ಒಣಗುತ್ತವೆ, ಅದರಲ್ಲೂ ನಮ್ಮ ಕಡೆಯ ಬೇಸಿಗೆಯಲ್ಲಿ. ಉಷ್ಣತೆ 10 ಡಿಗ್ರಿ ಏರಿದರೆ ಅವುಗಳ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆ.

ಸಪ್ಲೈಯನ್ನು ಬಿಚ್ಚುವುದಾದರೆ ದಯವಿಟ್ಟು ಎಚ್ಚರ ವಹಿಸಿ. ಅದರ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ಡಿಸಿ ಇದ್ದು, ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡದೆ, ತಕ್ಕ ರೆಸಿಸ್ಟರಿನ ಮೂಲಕ ಖಾಲಿ ಮಾಡಿ, ಮೀಟರಿನಲ್ಲಿ ನೋಡಿಯೇ ಕೈ ಹಾಕಿ. ಈ ಕೆಲಸ ಹೊಸದಾಗಿದ್ದರೆ ಬಲ್ಲವರಿಗೆ ಒಪ್ಪಿಸುವುದೇ ಸರಿ.

ಮದರ್‌ಬೋರ್ಡಿನಲ್ಲಿ ಪ್ರೊಸೆಸರಿನ ಪಕ್ಕದ ಕೆಪಾಸಿಟರ್‌ಗಳ ತಲೆ ಉಬ್ಬಿದ್ದರೆ, ಅಷ್ಟೇ ಮೈಕ್ರೋಫ್ಯಾರಡಿನ, ಅಷ್ಟೇ ಅಥವಾ ತುಸು ಹೆಚ್ಚು ವೋಲ್ಟೇಜಿನ, 105 ಡಿಗ್ರಿಯ ಲೋ ಇಎಸ್‌ಆರ್ (ಒಳಗಿನ ರೋಧ ಕಡಿಮೆ ಇರುವ) ಬಗೆಯವನ್ನೇ ಹಾಕಿ. ಸಾಮಾನ್ಯ ರೇಡಿಯೋ ಕೆಪಾಸಿಟರ್ ಅಲ್ಲಿ ಬಾಳುವುದಿಲ್ಲ. ಬೋರ್ಡಿನ ಮೇಲಿನ ಧ್ರುವದ (ಪ್ಲಸ್-ಮೈನಸ್) ಗುರುತು ಎಲ್ಲ ಕಂಪನಿಗಳಲ್ಲೂ ಒಂದೇ ರೀತಿ ಇರುವುದಿಲ್ಲವಾದ್ದರಿಂದ ಕೀಳುವ ಮೊದಲೇ ಫೋಟೋ ತೆಗೆದಿಟ್ಟುಕೊಳ್ಳಿ. ಒಳಪದರದ ತಾಮ್ರ ಶಾಖವನ್ನು ಎಳೆದುಕೊಳ್ಳುವುದರಿಂದ 25 ವಾಟಿನ ಬೆಸುಗೆಯ ಐರನ್ ಸಾಲದೇ ಹೋಗಬಹುದು. ಕೆಪಾಸಿಟರನ್ನು ಬಲವಂತವಾಗಿ ಎಳೆದರೆ ಅದರ ಕಾಲು ಕೂತಿರುವ ರಂಧ್ರದ ಒಳಲೇಪವೇ ಕಿತ್ತುಬರುತ್ತದೆ, ಅದನ್ನು ಸರಿಪಡಿಸುವುದು ಬಹಳ ಕಷ್ಟ.