ಹದಿನೆಂಟು ವರ್ಷ ಬೀಗ ಹಾಕಿಟ್ಟ ಹಣ

ಶಿರಸಿ ತಾಲೂಕಿನ ಅಡಿಕೆ ಬೆಳೆಗಾರರೊಬ್ಬರ ಪತ್ರದ ಸಾರ: ಅಮೆರಿಕದಲ್ಲಿ ಹುಟ್ಟಿದ ಪ್ರತಿ ಮಗುವಿನ ಹೆಸರಿನಲ್ಲಿ ಸರ್ಕಾರವೇ ಸಾವಿರ ಡಾಲರ್ ಠೇವಣಿ ಇಡುತ್ತದಂತೆ. ಈ ಹುಚ್ಚು ನಮ್ಮಲ್ಲಿಗೆ ಬರುವ ಮೊದಲೇ ನಿಮ್ಮ ಪತ್ರಿಕೆ ವಿರೋಧಿಸಬೇಕು. ಮಕ್ಕಳಿಗೆ ಕೂಡಿಡುವುದು ಹೆತ್ತವರ ಹೊಣೆ. ಅದನ್ನು ತೆರಿಗೆ ಕಟ್ಟುವವರ ತಲೆಗೆ ಹೊರಿಸಿದರೆ ಜನ ಸೋಮಾರಿಗಳಾಗುತ್ತಾರೆ.

ಸಂಪಾದಕರ ಉತ್ತರ:

ಮಾನ್ಯರೇ, ವಿರೋಧಿಸಲು ನಾನೂ ಸಿದ್ಧ. ಆದರೆ ನೀವು ಕೊಟ್ಟ ಕಾರಣಕ್ಕಲ್ಲ.

‘ಬರುವ ಮೊದಲೇ’ ಎಂದಿದ್ದೀರಿ. ಅದು ಬಂದು ಎಷ್ಟೋ ವರ್ಷವಾಯಿತು. ಅಮೆರಿಕದ ಯೋಜನೆ 2025ರಿಂದ 2028ರ ಕೊನೆಯವರೆಗೆ ಹುಟ್ಟುವ ಮಕ್ಕಳಿಗೆ. ನಮ್ಮ ಕರ್ನಾಟಕ ಸರ್ಕಾರದ ಭಾಗ್ಯಲಕ್ಷ್ಮಿ ಯೋಜನೆ 2006ರ ಮಾರ್ಚ್ 31ರ ನಂತರ ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಗೆ. ಬ್ರಿಟನ್ ನಮಗಿಂತಲೂ ಮುಂದಿತ್ತು. 2002ರ ಸೆಪ್ಟೆಂಬರ್‌ನಿಂದ ಹುಟ್ಟಿದ ಮಕ್ಕಳಿಗೆ 250 ಪೌಂಡ್, ಬಡವರ ಮಕ್ಕಳಿಗೆ ಅದರ ಎರಡರಷ್ಟು ಕೊಟ್ಟು, 2011ರ ಆರಂಭದಲ್ಲಿ ಕೈ ತೊಳೆದುಕೊಂಡಿತು. ಅಲ್ಲಿ ವಯಸ್ಸಿಗೆ ಬಂದ ಲಕ್ಷಾಂತರ ಯುವಕರು ತಮ್ಮ ಹೆಸರಿನಲ್ಲಿ ಇಂಥದ್ದೊಂದು ಖಾತೆ ಇದೆ ಎಂಬುದನ್ನೇ ಅರಿಯದೆ ಹಣ ಪಡೆಯದೆ ಉಳಿದರು.

ಸೋಮಾರಿತನದ ಮಾತು ನನಗೆ ಒಪ್ಪಿಗೆಯಿಲ್ಲ. ದಿನಕ್ಕಿಷ್ಟು ಎಂದು ಪಿಗ್ಮಿ ಕಟ್ಟುವ ಪದ್ಧತಿ ಹುಟ್ಟಿದ್ದೇ ನಮ್ಮ ಕರಾವಳಿಯಲ್ಲಿ. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕ್ ದಿನಕ್ಕೆ ಎರಡಾಣೆಯಿಂದ ಅದನ್ನು ಶುರುಮಾಡಿತು. ಇವತ್ತಿಗೂ ಕಾರವಾರದ ಮೀನು ಮಾರುಕಟ್ಟೆಯಲ್ಲಿ ಬಂಗಡೆ ಬುಟ್ಟಿ ಖಾಲಿಯಾಗುವ ಹೊತ್ತಿಗೆ ಪಿಗ್ಮಿ ಏಜೆಂಟರು ಹಾಜರಾಗುತ್ತಾರೆ. ಒದ್ದೆ ಕೈಯನ್ನು ಸೀರೆಯ ಸೆರಗಿಗೆ ಒರೆಸಿಕೊಂಡು ನೋಟು ಎಣಿಸಿ ಕೊಡುವ ಆ ಹೆಂಗಸರಿಗೆ ಉಳಿತಾಯದ ಪಾಠ ಹೇಳಲು ನಾನಂತೂ ಹೋಗುವುದಿಲ್ಲ. ನಾಲ್ಕು ಎಕರೆ ತೋಟದವನು ಎಂದು ಪರಿಚಯಿಸಿಕೊಂಡಿದ್ದೀರಿ. ಸೊಸೈಟಿಯಲ್ಲಿ ಸಿಗುವ ಶೂನ್ಯ ಬಡ್ಡಿಯ ಬೆಳೆಸಾಲದ ಬಡ್ಡಿಯನ್ನು ಯಾರು ತುಂಬುತ್ತಾರೆ? ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ನಿಮ್ಮ ಪಾಲಿನ ಶೇಕಡಾ 5 ಬಿಟ್ಟು ಉಳಿದ ಕಂತು ಎಲ್ಲಿಂದ ಬರುತ್ತದೆ? ಅದರಿಂದ ನೀವೇನೂ ಸೋಮಾರಿಯಾಗಲಿಲ್ಲವಲ್ಲ!

ನನ್ನ ತಕರಾರು ಕೊಡುವುದರ ಬಗ್ಗೆ ಅಲ್ಲ, ಕೊಟ್ಟು ಬೀಗ ಹಾಕುವುದರ ಬಗ್ಗೆ.

ಭಾಗ್ಯಲಕ್ಷ್ಮಿಯ ಮೊದಲ ವರ್ಷಗಳಲ್ಲಿ ಮಗುವಿನ ಹೆಸರಿನಲ್ಲಿ ಇಟ್ಟದ್ದು 10,000 ರೂಪಾಯಿ. ಹದಿನೆಂಟು ತುಂಬಿದಾಗ ಸಿಗುವುದು 34,751. ಲೆಕ್ಕ ಹಾಕಿದರೆ ವರ್ಷಕ್ಕೆ ಶೇಕಡಾ 7ರ ಆಸುಪಾಸಿನ ಬೆಳವಣಿಗೆ. ಕಾಗದದ ಮೇಲೆ ತಪ್ಪೇನಿಲ್ಲ. ಆದರೆ 2006ರಲ್ಲಿ ಹತ್ತು ಸಾವಿರಕ್ಕೆ ಒಂದು ಪವನು, ಅಂದರೆ ಎಂಟು ಗ್ರಾಂ, ಚಿನ್ನ ಬಂದು ಇನ್ನಷ್ಟು ಕೈಯಲ್ಲಿ ಉಳಿಯುತ್ತಿತ್ತು. 2024ರಲ್ಲಿ ಆ 34,751ಕ್ಕೆ ಮುಕ್ಕಾಲು ಪವನೂ ಬರುತ್ತಿರಲಿಲ್ಲ. ಈಗ ಆ ಯೋಜನೆ ಅಂಚೆ ಕಚೇರಿಯ ಸುಕನ್ಯಾ ಸಮೃದ್ಧಿ ಖಾತೆಗೆ ವರ್ಗವಾಗಿದೆ. ಸರ್ಕಾರ ವರ್ಷಕ್ಕೆ 3,000ದಂತೆ ಹದಿನೈದು ವರ್ಷ ಕಟ್ಟುತ್ತದೆ, ಪೂರ್ತಿ ಮೊತ್ತ ಸಿಗುವುದು ಇಪ್ಪತ್ತೊಂದಕ್ಕೆ. ಬೀಗ ಇನ್ನೂ ಮೂರು ವರ್ಷ ಮುಂದೆ ಹೋಯಿತು. ಇಂದು ಘೋಷಿಸಿ ಚಪ್ಪಾಳೆ ಗಿಟ್ಟಿಸುವವರು ಒಬ್ಬರು, ಅಂದು ಉತ್ತರ ಹೇಳಬೇಕಾದವರು ಇನ್ನೊಬ್ಬರು. ರಾಜಕಾರಣಿಗೆ ಇದಕ್ಕಿಂತ ಹಗುರವಾದ ವಾಗ್ದಾನ ಸಿಕ್ಕೀತೇ?

ಅಷ್ಟರಲ್ಲಿ ಆ ಮಗುವಿಗೆ ಬೇಕಾದದ್ದು ಏನು? ಜೊಯಿಡಾದ ಯಾವುದೋ ಕೇರಿಯಲ್ಲಿ ಮಳೆಗಾಲದ ರಾತ್ರಿ ಹೆರಿಗೆ ನೋವು ಬಂದರೆ ಬೇಕಾದದ್ದು ರಸ್ತೆ ಮತ್ತು ವಾಹನ. ಕೂಸಿಗೆ ಉಸಿರಾಟದ ತೊಂದರೆಯಾದರೆ ಮಣಿಪಾಲಕ್ಕೋ ಹುಬ್ಬಳ್ಳಿಗೋ ಓಡಬೇಕು. ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2022ರಲ್ಲಿ ಜನ ಬೀದಿಗಿಳಿದದ್ದು ನಿಮಗೆ ನೆನಪಿರಬಹುದು. ಅಂಥ ಹೊತ್ತಿನಲ್ಲಿ ಪಿಗ್ಮಿ ಖಾತೆಯಿಂದ ಒಂದಿಷ್ಟು ಬಡ್ಡಿ ಬಿಟ್ಟಾದರೂ ಹಣ ತೆಗೆಯಬಹುದು. ಮಗುವಿನ ಹೆಸರಿನ ಭಾಗ್ಯಲಕ್ಷ್ಮಿ ಬಾಂಡ್ ಅದೇ ಮಗುವಿನ ಪ್ರಾಣ ಉಳಿಸಲು ಬರುವುದಿಲ್ಲ. ಇದಕ್ಕೆ ಹೋಲಿಸಿದರೆ ಕೇಂದ್ರ ಸರ್ಕಾರದ ಮಾತೃವಂದನಾ ಯೋಜನೆಯ 5,000 ಚಿಕ್ಕ ಮೊತ್ತವಾದರೂ ಬಾಣಂತಿಯ ಖಾತೆಗೆ ಆಗಲೇ ಬೀಳುತ್ತದೆ.

ಇನ್ನು ಕಾಗದಪತ್ರದ ಗೋಳು. ಕರಾವಳಿಯ ಒಂದು ತಾಲೂಕು ಕಚೇರಿಯಲ್ಲಿ ಹುಡುಗಿಯೊಬ್ಬಳು ಪ್ಲಾಸ್ಟಿಕ್ ಕವರಿನಿಂದ ಬಾಂಡ್ ತೆಗೆದು ಮೇಜಿನ ಮೇಲಿಟ್ಟದ್ದನ್ನು ನೋಡಿದ್ದೇನೆ. ಬಾಂಡಿನಲ್ಲಿ ತೊಟ್ಟಿಲಿಗೆ ಹಾಕಿದ ದಿನದ ಹೆಸರು, ಆಧಾರ್‌ನಲ್ಲಿ ಶಾಲೆಯಲ್ಲಿ ಬರೆಸಿದ ಹೆಸರು. ‘ಎರಡೂ ನೀನೇ ಎಂದು ಅಫಿಡವಿಟ್ ಮಾಡಿಸಿಕೊಂಡು ಬಾ’ ಎಂದರು. ಅವಳ ತಾಯಿ ಆ ದಿನದ ಕೂಲಿ ಬಿಟ್ಟು ಜೊತೆಗೆ ಬಂದಿದ್ದಳು.

ಒಂದು ಒಳ್ಳೆಯದನ್ನು ಹೇಳದಿದ್ದರೆ ಅನ್ಯಾಯವಾದೀತು. ಹದಿನೆಂಟರೊಳಗೆ ಮದುವೆ ಮಾಡುವಂತಿಲ್ಲ, ಎಂಟನೆಯ ತರಗತಿಯವರೆಗಾದರೂ ಓದಿಸಬೇಕು ಎಂಬ ಷರತ್ತು ಕೆಲವು ಮನೆಗಳಲ್ಲಿ ಹುಡುಗಿಯ ಪರವಾಗಿ ಮಾತನಾಡಿದೆ. ಅಮೆರಿಕದ್ದರಲ್ಲಿ ಅದೂ ಇಲ್ಲ. ಬಡವ ಬಲ್ಲಿದ ಎನ್ನದೆ ಎಲ್ಲರಿಗೂ ಸಾವಿರ ಡಾಲರ್, ಮೇಲೆ ಕೈಯಲ್ಲಾದವರು ವರ್ಷಕ್ಕೆ 5,000 ಡಾಲರಿನವರೆಗೆ ತುಂಬಬಹುದು. ಯಾರ ಮಗುವಿನ ಖಾತೆ ಬೆಳೆಯುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ಅಲ್ಲಿಯದೇ ಕನೆಕ್ಟಿಕಟ್ ಎಂಬ ರಾಜ್ಯವಾದರೋ ಬಡವರ ಆರೋಗ್ಯ ವಿಮೆಯಡಿ ಹುಟ್ಟಿದ ಶಿಶುಗಳಿಗಷ್ಟೇ 3,200 ಡಾಲರ್ ಇಡುತ್ತದೆ. ಇಡುವುದೇ ಆದರೆ ಆ ದಾರಿ ಮೇಲು.

ನಿಮ್ಮ ಪತ್ರವನ್ನು ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ. ಅಂಗನವಾಡಿ ಕಾರ್ಯಕರ್ತೆಯರ ಬಗ್ಗೆ ಬರೆದ ಕೊನೆಯ ಎರಡು ಸಾಲುಗಳನ್ನು ತೆಗೆದಿದ್ದೇನೆ. ಅರ್ಜಿ ತುಂಬಿಸಿಕೊಳ್ಳಲು ಗುಡ್ಡ ಹತ್ತಿ ಇಳಿಯುವವರು ಅವರು, ಯೋಜನೆ ಮಾಡಿದವರಲ್ಲ.